ಕೆಲಸದವರ ಸಂಬಳ ರಾಜಕೀಯವೇ, ಮೇಷ್ಟ್ರೇ?

ಪತ್ರ: ಹೋದ ಭಾನುವಾರ ನಮ್ಮ ಫಾದರ್ ಪ್ರಬೋಧನೆ ಪೂರ್ತಿ ಮನೆಗೆಲಸದವರ ಸಂಬಳ, ಕನಿಷ್ಠ ಕೂಲಿಯ ಕಾನೂನು ಅಂತಲೇ ಮಾತಾಡಿದರು. ನಾನು ಪೂಜೆಗೆ ಹೋಗುವುದು ನೆಮ್ಮದಿಗಾಗಿ. ರಾಜಕೀಯ ಕೇಳಲು ಮನೆಯಲ್ಲಿ ಟಿವಿ ಇದೆ. ಈಚೆಗೆ ನಿಮ್ಮ ಪತ್ರಿಕೆಯೂ ಅದೇ ದಾರಿ ಹಿಡಿದಿದೆ. ಹೀಗೇ ಆದರೆ ನಾನು ಚಂದಾ ಮುಂದುವರಿಸುವುದಿಲ್ಲ.
(ನಿವೃತ್ತ ಶಿಕ್ಷಕರು, ದಕ್ಷಿಣ ಕನ್ನಡ. ಹೆಸರು ಹಾಕಬೇಡಿ ಎಂದು ಕೋರಿದ್ದಾರೆ.)

ಸಂಪಾದಕರ ಉತ್ತರ:

ಮೇಷ್ಟ್ರೇ, ಮೊದಲಿಗೆ ನಿಮ್ಮ ಅಕ್ಷರಕ್ಕೆ ನಮಸ್ಕಾರ. ಇನ್‌ಲ್ಯಾಂಡ್ ಲೆಟರಿನ ಮಡಿಕೆಯೊಳಗೂ ಜಾಗ ಬಿಡದೆ ಬರೆದು ಬೈಯುವವರು ಈಗ ಎಲ್ಲಿ ಸಿಗುತ್ತಾರೆ?

ನಿಮ್ಮ ಮಾತಿನಲ್ಲಿ ಸರಿ ಇರುವುದನ್ನು ಮೊದಲು ಒಪ್ಪಿಬಿಡುತ್ತೇನೆ. ಇಂಥ ಪಕ್ಷಕ್ಕೆ ಓಟು ಹಾಕಿ ಅಂತ ಗುರುಗಳು ಪೀಠದ ಮುಂದೆ ನಿಂತು ಹೇಳಬಾರದು. ಹೇಳಿದರೆ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ, ಪಕ್ಕದ ಕೇರಳವಿದೆ. ಇ.ಎಂ.ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಸರ್ಕಾರ ಶಿಕ್ಷಣ ಮಸೂದೆ ತಂದಾಗ ನಮ್ಮ ಕಥೋಲಿಕ ಧರ್ಮಸಭೆ ಬೀದಿಗಿಳಿಯಿತು. ನಾಯರ್ ಸಂಘಟನೆಯೂ ಜೊತೆಗೆ ಸೇರಿತು. 'ವಿಮೋಚನಾ ಸಮರ' ಅಂತ ಹೆಸರಾಯಿತು. 1959ರ ಜುಲೈ 31ರಂದು ದೆಹಲಿಯಿಂದ ಆ ಸರ್ಕಾರವನ್ನೇ ವಜಾ ಮಾಡಿದರು. ಆ ಮಸೂದೆಯಲ್ಲಿ ಏನಿತ್ತು ಗೊತ್ತಾ? ಖಾಸಗಿ ಶಾಲೆಯ ಮೇಷ್ಟ್ರುಗಳಿಗೆ ಸರ್ಕಾರವೇ ನೇರವಾಗಿ ಸಂಬಳ ಕೊಡುವ ವ್ಯವಸ್ಥೆಯೂ ಇತ್ತು! ನೇಮಕಾತಿಯ ಅಧಿಕಾರ ಕೈಬಿಟ್ಟು ಹೋಗುತ್ತದೆ ಎಂಬ ಭಯ ನಮ್ಮವರಿಗೆ. ಆ ಭಯ ಪೂರ್ತಿ ಸುಳ್ಳಾಗಿರಲಿಲ್ಲ. ಆದರೂ ಒಂದು ವಿಷಯ ನೋಡಿ. ಅದನ್ನು ನಮ್ಮಲ್ಲಿ ಬಹಳ ಮಂದಿ ಧರ್ಮರಕ್ಷಣೆ ಅಂದರು. ಮನೆಗೆಲಸದವಳ ಸಂಬಳದ ಮಾತು ಬಂದರೆ ಮಾತ್ರ ಅದು ರಾಜಕೀಯ.

ಇಷ್ಟು ಒಪ್ಪಿದ್ದಾಯಿತು. ಇನ್ನು ಜಗಳ.

ನಾವಿಬ್ಬರೂ ಜ್ಞಾನೋಪದೇಶ, ಅಂದರೆ ನಮ್ಮ ಧರ್ಮದ ಪಾಠ, ಕಲಿತದ್ದು ಬಾಯಿಪಾಠ ಮಾಡಿಯೇ. ದೇವರಿಗೆ ಮೊರೆಯಿಡುವ ಪಾಪಗಳು ಎಷ್ಟು ಅಂದರೆ ನಾಲ್ಕು ಅಂತ ಹೇಳುತ್ತಿದ್ದೆವು. ಮೊದಲನೆಯದು ಕೊಲೆ. ನಾಲ್ಕನೆಯದು ಕೂಲಿಯವನ ಕೂಲಿ ಹಿಡಿದಿಟ್ಟುಕೊಳ್ಳುವುದು. ಕೊಲೆಯ ಪಕ್ಕದಲ್ಲೇ ಕೂಲಿಯನ್ನು ಕೂರಿಸಿದವರು ನಿಮ್ಮ ಫಾದರ್ ಅಲ್ಲ. ಗದ್ದೆ ಕೊಯ್ದವರಿಗೆ ಕೊಡದೆ ಉಳಿಸಿಕೊಂಡ ಕೂಲಿ ತಾನೇ ಕೂಗುತ್ತದೆ ಅಂತ ಸಂತ ಯಾಕೋಬನ ಪತ್ರದಲ್ಲಿದೆ. ಹೊತ್ತು ಮುಳುಗುವುದರೊಳಗೆ ಕೊಟ್ಟುಬಿಡು ಅಂತ ಮೋಶೆಯ ಧರ್ಮಶಾಸ್ತ್ರದಲ್ಲಿದೆ. ನಮ್ಮ ಪಕ್ಕದ ಮನೆಯ ಬ್ಯಾರಿ ಅಜ್ಜ, ಬೆವರು ಆರುವ ಮೊದಲು ಕೂಲಿ ಕೊಡಬೇಕು ಅನ್ನುತ್ತಿದ್ದರು. ಅದು ಅವರ ಹದೀಸಿನ, ಅಂದರೆ ಪ್ರವಾದಿಯ ಮಾತು. ಅಡಿಕೆ ಸುಲಿಯಲು ಬಂದವರಿಗೆ ಅವರ ಅಂಗಳದಲ್ಲಿ ಸಂಜೆ ಆರಕ್ಕೇ ದುಡ್ಡು ಸಿಗುತ್ತಿತ್ತು. ನಮ್ಮ ಅಂಗಳದಲ್ಲಿ ಜಪಸರ ಮುಗಿಯುವವರೆಗೆ ಕಾಯಬೇಕಿತ್ತು. ನನಗೆ ಅದು ಈಗಲೂ ಚುಚ್ಚುತ್ತದೆ.

ಲಂಡನ್ನಿನ ಕಥೆಯೊಂದು ನನಗೆ ಬಹಳ ಇಷ್ಟ. 1889ರಲ್ಲಿ ಅಲ್ಲಿನ ಹಡಗುಕಟ್ಟೆಯ ಕೂಲಿಗಳು ಮುಷ್ಕರ ಹೂಡಿದರು. ಅವರ ಬೇಡಿಕೆ ಗಂಟೆಗೆ ಆರು ಪೆನ್ನಿ. ಆಗ ಸಿಗುತ್ತಿದ್ದದ್ದು ಐದು. ಒಂದು ಪೆನ್ನಿಗಾಗಿ ಅಷ್ಟು ದೊಡ್ಡ ಬಂದರು ನಿಂತುಹೋಯಿತು. ಮಧ್ಯಸ್ಥಿಕೆಗೆ ಬಂದವರು ಅಲ್ಲಿನ ಕಥೋಲಿಕ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಮ್ಯಾನಿಂಗ್. ವಯಸ್ಸು 81. ಆ ವಯಸ್ಸಿನಲ್ಲಿ ಮಾಲೀಕರ ಬಳಿಗೊಮ್ಮೆ, ಕೂಲಿಗಳ ಬಳಿಗೊಮ್ಮೆ ಓಡಾಡಿದರು. ಕಡೆಗೆ ಕೂಲಿಗಳಿಗೆ ಆರು ಪೆನ್ನಿ ಸಿಕ್ಕಿತು. ಮ್ಯಾನಿಂಗರನ್ನೂ ಸಮಾಜವಾದಿ ಅಂತ ಹೀಗಳೆದವರಿದ್ದರು. ಎರಡು ವರ್ಷ ಕಳೆದು, 1891ರ ಮೇ 15ರಂದು, ಹದಿಮೂರನೇ ಲಿಯೋ ಪೋಪ್ 'ರೇರುಮ್ ನೋವಾರುಮ್' ಎಂಬ ವಿಶ್ವಪರಿಪತ್ರ, ಅಂದರೆ ಇಡೀ ಧರ್ಮಸಭೆಗೆ ಬರೆದ ಪತ್ರ, ಹೊರಡಿಸಿದರು. ಹೊಟ್ಟೆಪಾಡಿಗೆ ಗತಿಯಿಲ್ಲದೆ ಕಡಿಮೆ ಕೂಲಿಗೆ ತಲೆಯಾಡಿಸಿದವನದು ನಿಜವಾದ ಒಪ್ಪಿಗೆ ಅಲ್ಲ ಅಂತ ಅದರಲ್ಲಿ ಬರೆದಿದ್ದಾರೆ. 'ಅವಳೇ ಒಪ್ಪಿ ಬಂದಿದ್ದಾಳೆ ಸ್ವಾಮಿ' ಎನ್ನುವ ನಮ್ಮ ಮಾಮೂಲು ಮಾತಿಗೆ ಉತ್ತರ ಅಲ್ಲಿದೆ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಹೊಸ ಪೋಪ್ ಹದಿನಾಲ್ಕನೇ ಲಿಯೋ ಅಂತ ಯಾಕೆ ಹೆಸರಿಟ್ಟುಕೊಂಡರು? ಮುಖ್ಯವಾಗಿ ಈ ಪರಿಪತ್ರದ ನೆನಪಿಗೆ ಅಂತ ಕಾರ್ಡಿನಲರ ಮುಂದೆ ಅವರೇ ಹೇಳಿದ್ದಾರೆ. ನಿಮ್ಮ ಚಂದಾ ಪಟ್ಟಿಯಲ್ಲಿ ವ್ಯಾಟಿಕನ್ನಿನ ಪತ್ರಿಕೆ ಇದ್ದರೆ ಅದನ್ನೂ ನಿಲ್ಲಿಸಬೇಕಾಗುತ್ತದೆ, ನೋಡಿ.

ನೆಮ್ಮದಿಗಾಗಿ ಬರುತ್ತೇನೆ ಅಂದಿರಿ. ಮಧ್ಯ ಅಮೆರಿಕದ ಎಲ್ ಸಾಲ್ವಡೋರಿನ ಶ್ರೀಮಂತರೂ ಅದನ್ನೇ ಬಯಸಿದ್ದರು. 1977ರಲ್ಲಿ ಆಸ್ಕರ್ ರೊಮೆರೊ ಮಹಾಧರ್ಮಾಧ್ಯಕ್ಷರಾದಾಗ ಆ ಶ್ರೀಮಂತರಿಗೆ ಸಮಾಧಾನವಾಗಿತ್ತು. ಪುಸ್ತಕದ ಮನುಷ್ಯ, ಸಾಧು, ತೊಂದರೆ ಕೊಡುವವರಲ್ಲ. ಕೆಲವೇ ವಾರಗಳಲ್ಲಿ, ರೈತರ ಪರ ನಿಂತ ರುಟಿಲಿಯೊ ಗ್ರಾಂಡೆ ಎಂಬ ಗುರುಗಳನ್ನು ಗುಂಡಿಟ್ಟು ಕೊಂದರು. ರೊಮೆರೊಗೆ ಆತ ಗೆಳೆಯ. ಆಮೇಲೆ ಅವರ ಭಾನುವಾರದ ಪ್ರಬೋಧನೆಗಳು ಬೇರೆಯೇ ಆದವು. ಆ ವಾರ ಯಾರು ಕಾಣೆಯಾದರು, ಯಾರು ಸತ್ತರು ಅಂತ ಹೆಸರು ಹಿಡಿದು ಹೇಳುತ್ತಿದ್ದರು. ದೇಶವಿಡೀ ರೇಡಿಯೋದ ಮುಂದೆ ಕೂರುತ್ತಿತ್ತು. 1980ರ ಮಾರ್ಚ್ 23ರಂದು ಸೈನಿಕರಿಗೇ ಮನವಿ ಮಾಡಿದರು: ದೇವರ ಹೆಸರಿನಲ್ಲಿ ಬೇಡುತ್ತೇನೆ, ಆಜ್ಞೆ ಮಾಡುತ್ತೇನೆ, ಈ ದಮನ ನಿಲ್ಲಿಸಿ. ಮಾರನೆಯ ಸಂಜೆ ಆಸ್ಪತ್ರೆಯ ಚಾಪೆಲ್ಲಿನಲ್ಲಿ ಪೂಜೆ ಅರ್ಪಿಸುತ್ತಿದ್ದಾಗ ಗುಂಡು ಬಿತ್ತು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ನೀವು ಕೇಳಿದ ಪ್ರಶ್ನೆಯನ್ನೇ ಧರ್ಮಸಭೆಯೂ ಕೇಳಿಕೊಂಡಿತು. ಅವರು ಸತ್ತದ್ದು ವಿಶ್ವಾಸಕ್ಕಾಗಿಯೋ ರಾಜಕೀಯಕ್ಕಾಗಿಯೋ? ಅವರನ್ನು ಸಂತರೆಂದು ಸಾರುವ ಕಡತ ವರ್ಷಗಟ್ಟಲೆ ಮೇಜಿಂದ ಮೇಜಿಗೆ ತಿರುಗಿತು. 2015ರಲ್ಲಿ ಧನ್ಯರಾದರು (ಸಂತ ಪದವಿಗೆ ಹಿಂದಿನ ಮೆಟ್ಟಿಲು), 2018ರ ಅಕ್ಟೋಬರ್ 14ರಂದು ಸಂತರಾದರು. ಮೂವತ್ತೆಂಟು ವರ್ಷ ಬೇಕಾಯಿತು, ಮೇಷ್ಟ್ರೇ. ಕೊಂದವರಿಗೆ ಮಾತ್ರ ಆ ಪ್ರಶ್ನೆಯ ಉತ್ತರ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ.

ಇದೆಲ್ಲ ಪರದೇಶದ ಮಾತು ಅನ್ನಬೇಡಿ. ಫಾದರ್ ಸ್ಟ್ಯಾನ್ ಸ್ವಾಮಿ ನಮ್ಮ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿ ಹತ್ತು ವರ್ಷಕ್ಕೂ ಜಾಸ್ತಿ ಇದ್ದವರು. ಆಮೇಲೆ ಜಾರ್ಖಂಡಿಗೆ ಹೋದರು. ವಿಚಾರಣೆಯೇ ಇಲ್ಲದೆ ಜೈಲಿನಲ್ಲಿ ಕೊಳೆಯುವ ಆದಿವಾಸಿ ಹುಡುಗರ ಲೆಕ್ಕ ಇಟ್ಟರು. 2020ರ ಅಕ್ಟೋಬರಿನಲ್ಲಿ ಅವರನ್ನೇ ಬಂಧಿಸಿದರು. ಮಾವೋವಾದಿಗಳ ನಂಟಿದೆ ಎಂಬ ಆರೋಪಗಳನ್ನು ಅವರು ಕಡೆಯವರೆಗೂ ಅಲ್ಲಗಳೆದರು. ಪಾರ್ಕಿನ್ಸನ್ ಕಾಯಿಲೆ, ಲೋಟ ಹಿಡಿಯಲಾಗದ ಕೈ. ನೀರು ಕುಡಿಯಲು ಒಂದು ಸ್ಟ್ರಾ, ಒಂದು ಸಿಪ್ಪರ್ ಬೇಕು ಅಂತ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, ಜಾಮೀನೂ ಸಿಗದೆ, ವಿಚಾರಣೆಯೂ ಶುರುವಾಗದೆ, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ 'ಫಾದರಿಗೆ ಯಾಕೆ ಬೇಕಿತ್ತು' ಅಂದವರೇ ಶ್ರದ್ಧಾಂಜಲಿ ಸಭೆಯಲ್ಲಿ ಮೇಣದಬತ್ತಿ ಹಿಡಿದದ್ದನ್ನು ನಾನು ಕಂಡಿದ್ದೇನೆ.

ಸ್ವಲ್ಪ ದಾರಿ ತಪ್ಪಿದೆ. ಇರಲಿ, ಬಂದದ್ದೇ ಬಂದೆ, ಇನ್ನೊಂದು ಹೇಳಿಬಿಡುತ್ತೇನೆ. ನಮ್ಮದೇ ಸಂಸ್ಥೆಗಳಲ್ಲಿ ಏನಾಗುತ್ತಿದೆ? ಒಂದು ಶಾಲೆಯಲ್ಲಿ ತಾತ್ಕಾಲಿಕ ಟೀಚರಮ್ಮ ಏಳು ವರ್ಷದಿಂದ ತಾತ್ಕಾಲಿಕವೇ. ಬೇಸಿಗೆ ರಜೆ ಎರಡು ತಿಂಗಳು ಸಂಬಳ ಇಲ್ಲ. ಹೊಸ ಆಡಿಟೋರಿಯಮ್ಮಿಗೆ ಮಾತ್ರ ಗ್ರಾನೈಟ್ ನೆಲ. ಉದ್ಘಾಟನೆಗೆ ಮಂತ್ರಿಗಳನ್ನು ಕರೆದು ಹಾರ ಹಾಕಿದರು, ಪೇಟ ತೊಡಿಸಿದರು. ಅವತ್ತು ಯಾರೂ ನನಗೆ ಪತ್ರ ಬರೆದು ಇದು ರಾಜಕೀಯ ಅನ್ನಲಿಲ್ಲ. ನೀವೂ ಬರೆಯಲಿಲ್ಲ. ಅಂದ ಹಾಗೆ, ನಿಮ್ಮ ಪಿಂಚಣಿ ಕೂಡ ಜಪ ಮಾಡುತ್ತಾ ಕೂತವರಿಗೆ ಬಂದದ್ದಲ್ಲ, ಅಲ್ವಾ? ನಿಮ್ಮ ಸಂಘದವರು ಬಿಸಿಲಲ್ಲಿ ಧರಣಿ ಕೂತಿದ್ದರು. ನೀವೂ ಕೂತಿರಬಹುದು.

ನಾನೇನು ಹಾಲಲ್ಲಿ ತೊಳೆದವನಲ್ಲ. ಮನೆಗೆಲಸಕ್ಕೂ ಕನಿಷ್ಠ ಕೂಲಿ ಗೊತ್ತುಮಾಡಿದ್ದು ನಮ್ಮ ಕರ್ನಾಟಕವೇ, ಅದೂ 2004ರಷ್ಟು ಹಿಂದೆಯೇ. ಆ ದರ ಈಗ ಎಷ್ಟಾಗಿದೆ ಅಂತ ನಿಮ್ಮ ಪತ್ರ ಬರುವವರೆಗೆ ನಾನು ನೋಡಿರಲಿಲ್ಲ. ನೋಡಿ, ನಮ್ಮ ಮನೆಗೆ ಬರುವ ಅಕ್ಕನ ಸಂಬಳದ ಜೊತೆ ಇಟ್ಟು ಲೆಕ್ಕ ಹಾಕಿದೆ. ಹೆಂಡತಿಯೂ ನಾನೂ ರಾತ್ರಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಂದನೇ ತಾರೀಖಿನಿಂದ ಏರಿಸಿದ್ದೇವೆ. ಹಿಂದಿನ ಬಾಕಿಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಅವರು ಕೇಳಿಲ್ಲ, ನಾವೂ ಎತ್ತಿಲ್ಲ.

ನಿಮ್ಮ ಚಂದಾ ಮಾರ್ಚ್‌ವರೆಗೆ ಪಾವತಿಯಾಗಿದೆ. ಅಲ್ಲಿಯವರೆಗೆ ಪತ್ರಿಕೆ ಬರುತ್ತದೆ, ಬೈದು ಬರೆಯುತ್ತಿರಿ. ಆ ಫಾದರ್ ಹೆಸರು ಮಾತ್ರ ತಿಳಿಸಿ. ಅವರ ಪ್ರಬೋಧನೆ ಅಚ್ಚು ಹಾಕುವ ಆಸೆಯಿದೆ.