ಕಂಡದ್ದು ಎರಡೇ ಜಿರಳೆ, ಉಬ್ಬಸ ಮಾತ್ರ ದಿನಾ

ಪ್ರಶ್ನೆ: ನನಗೆ 41 ವರ್ಷ. ಅಸ್ತಮಾ ಇದೆ, ಬೆಳಗಾದರೆ ಸೀನು, ಮೂಗು ಕಟ್ಟುತ್ತದೆ. ಸ್ಕಿನ್ ಟೆಸ್ಟ್ ಮಾಡಿದ ಡಾಕ್ಟರು ಜಿರಳೆ ಅಲರ್ಜಿ ಎಂದರು. ನಂಬಿಕೆ ಬರುತ್ತಿಲ್ಲ. ನಮ್ಮ ಮನೆಯಲ್ಲಿ ರಾತ್ರಿ ಒಂದೆರಡು ಕಾಣುತ್ತವೆ, ಅಷ್ಟೆ. ವಾರಕ್ಕೊಮ್ಮೆ ಸ್ಪ್ರೇ ಹೊಡೆಯುತ್ತೇನೆ, ಅವತ್ತು ಉಬ್ಬಸ ಇನ್ನೂ ಜಾಸ್ತಿ. ಏನು ಮಾಡಲಿ?

ಉತ್ತರ: ಮೊದಲು ಆ ಸ್ಪ್ರೇ ನಿಲ್ಲಿಸಿ. ಅಲರ್ಜಿಯ ಮಾತು ಹಾಗಿರಲಿ, ಆ ಘಾಟೇ ಸಾಕು ಶ್ವಾಸನಾಳ ಬಿಗಿಯಲು.

ಒಂದೆರಡೇ ಕಾಣುತ್ತವೆ ಅಂದಿರಿ. ಜಿರಳೆ ಬೆಳಕಿಗೆ ಹೆದರಿ ಅಡಗುವ ಪ್ರಾಣಿ ಅಲ್ವಾ? ಅಡುಗೆಮನೆಯಲ್ಲಿ ಓಡಾಡುವ ಚಿಕ್ಕ ಕಂದು ಜಾತಿಯದರ ಒಂದು ಮೊಟ್ಟೆಚೀಲದಲ್ಲೇ 30ರಿಂದ 40 ಮೊಟ್ಟೆ ಇರುತ್ತವೆ. ಇನ್ನೊಂದು ಮಾತು: ನಿಮ್ಮನ್ನು ಕಾಡುವುದು ಓಡಾಡುವ ಜಿರಳೆಗಿಂತ ಅದು ಬಿಟ್ಟುಹೋದದ್ದು. ಹಿಕ್ಕೆ, ಜೊಲ್ಲು, ಕಳಚಿದ ಪೊರೆ, ಸತ್ತ ಮೈಯ ಪುಡಿ. ಈ ಪುಡಿ ಭಾರ. ಸುಮ್ನೆ ಬಿಟ್ಟರೆ ನೆಲ ಹಿಡಿದು ಕೂತಿರುತ್ತದೆ, ಪೊರಕೆ ಆಡಿಸಿದರೆ ಏಳುತ್ತದೆ.

ಇದು ನನಗೆ ಮೈಮೇಲೆ ಬಂದ ಪಾಠ. ನನಗೂ ಇದೇ ಅಲರ್ಜಿ. ಒಮ್ಮೆ ಸಿಂಕ್ ಕೆಳಗಿನ ಕಪಾಟನ್ನು ಮಾಸ್ಕ್ ಇಲ್ಲದೆ ಒಣ ಪೊರಕೆಯಲ್ಲಿ ಗುಡಿಸಿ, ರಾತ್ರಿಯಿಡೀ ಕೂತೇ ಉಸಿರೆಳೆದೆ. ಊರಿಗೆಲ್ಲಾ ಬುದ್ಧಿ ಹೇಳುವ ಡಾಕ್ಟರು ಎಂದು ಹೆಂಡತಿ ಬೈದದ್ದು ಸರಿಯಾಗೇ ಇತ್ತು.

ಸ್ಪ್ರೇ ಬದಲು ಜಿರಳೆ ಜೆಲ್ ತನ್ನಿ. ಫ್ರಿಜ್ ಹಿಂದೆ, ಕಪಾಟಿನ ಕೀಲು, ಸಿಂಕ್ ಪೈಪಿನ ಸಂದಿಯಲ್ಲಿ ಮಕ್ಕಳ ಕೈಗೆ ಸಿಗದಂತೆ ಚುಕ್ಕೆ ಚುಕ್ಕೆಯಾಗಿ ಹಚ್ಚಿ. ತಿಂದದ್ದು ಗೂಡಿಗೆ ಹೋಗಿ ಸಾಯುತ್ತದೆ, ಅದರ ಹಿಕ್ಕೆ ತಿಂದ ಮರಿಗಳೂ ಸಾಯುತ್ತವೆ. ಜೆಲ್ ಇರುವಲ್ಲಿ ಸ್ಪ್ರೇ ಹೊಡೆದರೆ ಮಾತ್ರ ಕೆಲಸ ಕೆಟ್ಟಿತು, ಅವು ಹತ್ತಿರವೇ ಬರುವುದಿಲ್ಲ. ರಾತ್ರಿ ಮುಸುರೆ ಪಾತ್ರೆ ಬಿಡಬೇಡಿ. ತೊಟ್ಟಿಕ್ಕುವ ನಲ್ಲಿ ರಿಪೇರಿ ಮಾಡಿಸಿ.

ಜಿರಳೆ ಸತ್ತವು ಎಂದು ಕೈತೊಳೆದುಕೊಳ್ಳಬೇಡಿ. ಪುಡಿ ತಿಂಗಳುಗಟ್ಟಲೆ ಉಳಿಯುತ್ತದೆ. ಸೋಪುನೀರಿನ ಒದ್ದೆ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಬೇಕು, ಆದರೆ ಬೇರೆಯವರ ಕೈಲಿ. ಮಲಗುವ ಕೋಣೆಯನ್ನೂ ಬಿಡಬೇಡಿ. ಅಮೆರಿಕದ ನಗರಗಳ 476 ಅಸ್ತಮಾ ಮಕ್ಕಳ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ಜಿರಳೆ ಅಲರ್ಜಿ ಇದ್ದು, ಮಲಗುವ ಕೋಣೆಯ ದೂಳಿನಲ್ಲೂ ಅದರ ಅಂಶ ಜಾಸ್ತಿ ಇದ್ದ ಮಕ್ಕಳು ಆಸ್ಪತ್ರೆ ಸೇರಿದ್ದು ಉಳಿದವರಿಗಿಂತ 3 ಪಟ್ಟಿಗೂ ಹೆಚ್ಚು.

ದಿನದ ಇನ್ಹೇಲರ್ ಬಿಡಬೇಡಿ. ಮೂಗಿಗೂ ಚಿಕಿತ್ಸೆ ಬೇಕು, ಅದು ಕೆಟ್ಟಿದ್ದರೆ ಎದೆಯೂ ಹತೋಟಿಗೆ ಬರುವುದಿಲ್ಲ. ಟೆಸ್ಟ್ ಚೀಟಿಯಲ್ಲಿ ಡಸ್ಟ್ ಮೈಟ್ (ಹಾಸಿಗೆಯ ದೂಳಿನಲ್ಲಿರುವ, ಕಣ್ಣಿಗೆ ಕಾಣದ ಹುಳ) ಎದುರು ಏನು ಬರೆದಿದೆ, ನೋಡಿ. ಬೆಳಗಿನ ಸೀನಿಗೆ ಆ ಹುಳವೂ ಕಾರಣ ಇರಬಹುದು, ಆಗ ದಿಂಬು ಹಾಸಿಗೆಯ ಕಡೆಗೂ ಗಮನ ಕೊಡಬೇಕಾಗುತ್ತದೆ.