ಬಸುರಿ ರಾತ್ರಿ ನಿದ್ದೆಗೆಟ್ಟರೆ ಮಗುವಿಗೆ ಮುಂದೆ ಶುಗರ್ ಬರುತ್ತಾ?

ಬಂದೇ ಬರುತ್ತೆ ಅಂತ ಹೇಳಿದವರ ಮಾತಿಗೆ ಹೆದರಬೇಡಿ. ಆದರೆ ಅದು ಪೂರ್ತಿ ಸುಳ್ಳೂ ಅಲ್ಲ.

ನೀವು ಐದು ತಿಂಗಳ ಬಸುರಿ, ಶಿಡ್ಲಘಟ್ಟದ ಹತ್ತಿರ ಹಳ್ಳಿ, ರಾತ್ರಿ ಹನ್ನೊಂದಕ್ಕೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಬೆಳಗಿನ ಜಾವ ಮತ್ತೆ ಏಳುತ್ತೇನೆ ಅಂದಿದ್ದೀರಿ. ನಮ್ಮದೂ ಹುಳದ ಮನೆ. ಚಿಕ್ಕಬಳ್ಳಾಪುರದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ.

ಹೊಟ್ಟೆಯೊಳಗಿನ ಮಗುವಿಗೆ ಹಗಲೋ ರಾತ್ರಿಯೋ ಗೊತ್ತಾಗುವುದು ತಾಯಿಯಿಂದಲೇ. ಕತ್ತಲಾದ ಮೇಲೆ ನಮ್ಮ ಮೈಯಲ್ಲಿ ಮೆಲಟೋನಿನ್ ಅನ್ನೋ ಹಾರ್ಮೋನು ಏರುತ್ತದೆ. ಅದು ಮಾಸು (ಪ್ಲಾಸೆಂಟಾ) ದಾಟಿ ಮಗುವನ್ನು ಮುಟ್ಟುತ್ತದೆ. ನೀವು ಉಣ್ಣುವ ಹೊತ್ತು, ಮೈ ಬಿಸಿಯ ಏರಿಳಿತ, ಇವೂ ಮಗುವಿಗೆ ಸುಳಿವು ಕೊಡುತ್ತವೆ. ಹುಟ್ಟಿದ ಮೇಲೂ ಎರಡು ಮೂರು ತಿಂಗಳು ಮಗುವಿಗೆ ತನ್ನದೇ ಮೆಲಟೋನಿನ್ ಲೆಕ್ಕ ಕೂಡಿ ಬಂದಿರುವುದಿಲ್ಲ. ಎಳೆ ಕೂಸು ಹಗಲು ಮಲಗಿ ರಾತ್ರಿಯೆಲ್ಲ ಎದ್ದಿರುತ್ತದಲ್ವಾ, ಅದಕ್ಕೆ ಇದೂ ಒಂದು ಕಾರಣ.

2011ರಲ್ಲಿ ಆಸ್ಟ್ರೇಲಿಯಾದವರು ಬಸುರಿ ಇಲಿಗಳಿಗೆ ಮೂರು ನಾಲ್ಕು ದಿನಕ್ಕೊಮ್ಮೆ ಹಗಲು ರಾತ್ರಿ ಅದಲು ಬದಲು ಮಾಡುತ್ತಾ ಹೋದರು. ಹುಟ್ಟಿದ ಗಂಡು ಮರಿಗಳಿಗೆ ಬೆಳೆದ ಮೇಲೆ ಕೊಬ್ಬು ಜಾಸ್ತಿಯಾಯಿತು. ವರ್ಷ ತುಂಬುವಾಗ ಹೆಣ್ಣು ಮರಿಗಳ ಮೈಗೆ ಸಕ್ಕರೆ ನಿಭಾಯಿಸುವುದು ಕಷ್ಟವಾಗಿತ್ತು. ಆದರೆ ಅದು ಇಲಿ. ರಾತ್ರಿ ಓಡಾಡುವ ಪ್ರಾಣಿ, ಅದೂ ಬಸಿರಿನ ಪೂರ್ತಿ ಕಾಲ ಬೆಳಕನ್ನೇ ತಿರುಗಿಸಿದ್ದರು. ನಿಮ್ಮ ಮಗುವಿಗೆ ಅದನ್ನು ಹಾಗೇ ಅನ್ವಯಿಸಬೇಡಿ. ಇದನ್ನೆಲ್ಲ ಓದಿ ಸುಮ್ನೆ ಮೆಲಟೋನಿನ್ ಮಾತ್ರೆ ತರಿಸಿಕೊಳ್ಳಲೂ ಬೇಡಿ.

ಮನೆಯವರ ಹತ್ತಿರ ಹೀಗೆ ಮಾತಾಡಿ. ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಹುಳ ಸೊಪ್ಪು ತಿನ್ನುವ ರಭಸ ನಿಮಗೇ ಗೊತ್ತು. ಆ ಒಂದು ವಾರ ಹೆಚ್ಚು ಕಷ್ಟ. ರಾತ್ರಿಯ ಸೊಪ್ಪು ನಿಮ್ಮ ಯಜಮಾನರು ಹಾಕಲಿ, ಹಗಲಿನದು ನೀವು ನೋಡಿಕೊಳ್ಳಿ. ನಮ್ಮ ಕಾಲದಲ್ಲಿ ನಾವೆಲ್ಲ ಮಾಡಲಿಲ್ವಾ ಅಂತ ಅತ್ತೆ ಅಂದಾರು. ಮಾಡಿದ್ದರು, ನಿಜ. ಅವರಿಗೂ ಯಾರಾದರೂ ಕೈ ಜೋಡಿಸಬೇಕಿತ್ತು. ಏಳಲೇಬೇಕಾದ ರಾತ್ರಿ ಟ್ಯೂಬ್‌ಲೈಟ್ ಬೇಡ, ಮಂದ ಹಳದಿ ಬಲ್ಬು ಸಾಕು. ಬಂದು ಟೀ, ಬಿಸ್ಕತ್ತು ತಿನ್ನದೆ ಮಲಗಿ. ಮುದ್ದೆ ಊಟ ಸಂಜೆಯೇ ಮುಗಿದರೆ ಒಳ್ಳೆಯದು.

ಬಸುರಿಗೆ ಬರುವ ಶುಗರ್‌ಗೆ ಪರೀಕ್ಷೆ ಇದೆ, ಅದನ್ನು ಬಿಡಬೇಡಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. 140 ಅಥವಾ ಮೇಲಿದ್ದರೆ ಶುಗರ್ ಇದೆ ಅಂತ ಲೆಕ್ಕ. ಮೊದಲೊಮ್ಮೆ ಮಾಡಿಸಿದ್ದರೂ 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಮಾಡಿಸಬೇಕು. ಅಂದರೆ ನಿಮಗೆ ಹತ್ತಿರದಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನು ಈಗಲೇ ಕೇಳಿ.

ನೀವು ಕೇಳದ ಒಂದು ಮಾತು, ನನಗೆ ನಿದ್ದೆಗಿಂತ ಇದರದೇ ಚಿಂತೆ. ಬೆಳೆ ಮುಗಿದು ಹುಳದ ಮನೆಗೆ ಸೋಂಕು ತೆಗೆಯಲು ಫಾರ್ಮಲಿನ್, ಬ್ಲೀಚಿಂಗ್ ಪೌಡರ್ ಹೊಡೆಯುವ ದಿನ ಅತ್ತ ಸುಳಿಯಲೇಬೇಡಿ. ವಾಸನೆ ಪೂರ್ತಿ ಹೋಗುವವರೆಗೆ ಒಳಗೆ ಕಾಲಿಡಬೇಡಿ.