ಬ್ರೀದರ್ ಪೈಪಿನಿಂದ ಆಯಿಲ್ ತೊಟ್ಟಿಕ್ಕಿದರೆ ಎಂಜಿನ್ ಬಿಚ್ಚಿಸಬೇಕೇ?

ನಿಮ್ಮದು ಕಮಿನ್ಸ್ 6ಬಿಟಿ ಎಂಜಿನ್ನಿನ ಹಳೆಯ ಟಾಟಾ ಹತ್ತು ಚಕ್ರದ ಲಾರಿ. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನ ತುದಿಯಿಂದ ಹತ್ತು ಸೆಕೆಂಡಿಗೊಂದು ಹನಿ ಬೀಳುತ್ತಿದೆ, ಮೆಕ್ಯಾನಿಕ್ "ಬ್ಯಾಕ್ ಕಂಪ್ರೆಶನ್, ರಿಂಗ್ ಹೋಗಿದೆ" ಅಂದಿದ್ದಾರೆ, ಅಂದರೆ ಪಿಸ್ಟನ್ ರಿಂಗ್ ಸವೆದು ಸಿಲಿಂಡರಿನ ಗಾಳಿ ಕೆಳಗೆ ನುಗ್ಗುತ್ತಿದೆ ಅಂತ. ಎಂಜಿನ್ ಬಿಚ್ಚಿಸಲೇ, ಇಲ್ಲ ಆ ಪೈಪನ್ನು ಏರ್ ಫಿಲ್ಟರಿನ ಹೋಸ್‌ಗೆ ಸೇರಿಸಿಬಿಡಲೇ ಅಂತ ಕೇಳಿದ್ದೀರಿ.

ಈಗಲೇ ಬಿಚ್ಚಿಸಬೇಡಿ. ಏರ್ ಹೋಸ್‌ಗಂತೂ ಖಂಡಿತ ಸೇರಿಸಬೇಡಿ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಗೆ ತಡೆಯಿಲ್ಲ, ಜೊತೆಯಲ್ಲಿ ಬಂದ ಆಯಿಲೂ ಅದಕ್ಕೆ ಇಂಧನವೇ. ಮೊದಲು ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊದ ಫ್ಯಾನಿನ ಮೇಲೆ ಜಿಡ್ಡು ಕೂರುತ್ತದೆ, ಆ ಗಾಳಿ ತಣಿಸುವ ಇಂಟರ್‌ಕೂಲರ್ ಇದ್ದರೆ ಅದರ ತಳದಲ್ಲಿ ಆಯಿಲ್ ನಿಲ್ಲುತ್ತದೆ. ಒಂದು ದಿನ ಅದೆಲ್ಲ ಒಟ್ಟಿಗೆ ಒಳಗೆ ಹೋದರೆ ಎಂಜಿನ್ ತಾನಾಗಿ ರೇಸ್ ಆಗುತ್ತದೆ. ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ, ಗಾಳಿ ಬಂದ್ ಮಾಡಿದರೆ ಮಾತ್ರ ನಿಲ್ಲುತ್ತದೆ. ಕಂಪನಿಯವರು ಬ್ರೀದರನ್ನು ಗಾಳಿ ದಾರಿಗೆ ಸೇರಿಸುವ ಎಂಜಿನ್‌ಗಳಲ್ಲಿ ನಡುವೆ ಆಯಿಲ್ ಬೇರ್ಪಡಿಸುವ ವ್ಯವಸ್ಥೆ ಕೊಟ್ಟಿರುತ್ತಾರೆ. ಬರೀ ಪೈಪು ಆ ಕೆಲಸ ಮಾಡುವುದಿಲ್ಲ.

ಈಗ ಹನಿಯ ಲೆಕ್ಕ. ಸುಮಾರು 20 ಹನಿಗೆ 1 ಮಿ.ಲೀ. ಹತ್ತು ಸೆಕೆಂಡಿಗೊಂದು ಅಂದರೆ ಗಂಟೆಗೆ 360 ಹನಿ, 18 ಮಿ.ಲೀ. ಹತ್ತು ಗಂಟೆ ಓಡಿದರೆ 180 ಮಿ.ಲೀ. ಸುಮ್ಮನೆ ಬಿಡುವಷ್ಟು ಕಡಿಮೆ ಅಲ್ಲ, ಆದರೆ ಇಷ್ಟರಿಂದಲೇ ರಿಂಗ್ ಹೋಗಿದೆ ಅನ್ನಲು ಬರುವುದಿಲ್ಲ.

ಮೊದಲು ಗೇಜ್ ಕಡ್ಡಿ ನೋಡಿ. ಲಾರಿ ಸಮತಟ್ಟಿನಲ್ಲಿ ನಿಂತಿರಬೇಕು, ಎಂಜಿನ್ ನಿಲ್ಲಿಸಿ 15 ನಿಮಿಷ ಆಗಿರಬೇಕು. ಮಟ್ಟ ಮೇಲಿನ ಗುರುತು ದಾಟಿದ್ದರೆ ಕ್ರ್ಯಾಂಕ್ ಆಯಿಲನ್ನು ಕಡೆದು ಮಂಜಿನಂತೆ ಮಾಡುತ್ತದೆ, ಆ ಮಂಜೇ ಬ್ರೀದರಿನಲ್ಲಿ ಹನಿಯಾಗುತ್ತದೆ. ನೀವು ಹಾಕದೆಯೂ ಮಟ್ಟ ಏರುತ್ತಿದ್ದರೆ ಒಳಗೆ ಡೀಸೆಲ್ ಅಥವಾ ನೀರು ಸೇರುತ್ತಿದೆ. ಕಡ್ಡಿಯ ಒಂದು ಹನಿಯನ್ನು ನ್ಯೂಸ್‌ಪೇಪರ್ ಮೇಲೆ ಬಿಡಿ. ಕಪ್ಪು ಚುಕ್ಕೆಯ ಸುತ್ತ ತೆಳು ಉಂಗುರ ಅಗಲವಾಗಿ ಹರಡಿ ಡೀಸೆಲ್ ವಾಸನೆ ಬಂದರೆ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪನ್ನು ಮೊದಲು ಪರೀಕ್ಷಿಸಿ. ತೆಳುವಾದ ಆಯಿಲ್ ಬೇಗ ಮಂಜಾಗುತ್ತದೆ, ಬೇರಿಂಗನ್ನೂ ತಿನ್ನುತ್ತದೆ.

ಆಮೇಲೆ ಪೈಪಿನ ತುದಿ. ಬಹಳ ಲಾರಿಗಳಲ್ಲಿ ಅಲ್ಲೊಂದು ನೀರಿನ ಬಾಟಲಿ ಕಟ್ಟಿರುತ್ತಾರೆ. ಬಾಟಲಿ ತಪ್ಪಲ್ಲ, ಬಾಯಿ ಬಿಗಿದು ಕಟ್ಟುವುದು ತಪ್ಪು. ಪೈಪಿನ ತುದಿ 10 ಸೆಂ.ಮೀ. ಆಯಿಲಿನಲ್ಲಿ ಮುಳುಗಿದರೆ ಎಂಜಿನ್ ಒಳಗೆ ಸುಮಾರು 9 ಸೆಂ.ಮೀ. ನೀರಿನಷ್ಟು ಒತ್ತಡ ಸದಾ ನಿಂತಿರುತ್ತದೆ. ಆ ಒತ್ತಡಕ್ಕೆ ಒಳ್ಳೆಯ ಆಯಿಲ್ ಸೀಲೂ ಸೋರುತ್ತದೆ. ಹಾಕಿದ ಹೊಸ ಕ್ರ್ಯಾಂಕ್ ಸೀಲ್ ತಿಂಗಳಲ್ಲೇ ಒದ್ದೆಯಾದರೆ ಸೀಲನ್ನು ಬೈಯುವ ಮೊದಲು ಬ್ರೀದರ್ ನೋಡಬೇಕು. ಪೈಪು ಕಳಚಿ, ಜೋತುಬಿದ್ದ ಜಾಗದಲ್ಲಿ ಕಟ್ಟಿದ ಬಿಳಿ ಬೆಣ್ಣೆಯಂಥ ಕೆಸರನ್ನು ತೆಗೆಯಿರಿ. ಬ್ರೀದರಿನ ಒಳಜಾಲರಿಯನ್ನು ಡೀಸೆಲಿನಲ್ಲಿ ನೆನೆಸಿ, ತೊಳೆದು, ಗಾಳಿ ಹೊಡೆದು ಒಣಗಿಸಿ.

ಒತ್ತಡ ಅಳೆಯಲು ದುಬಾರಿ ಮೀಟರ್ ಬೇಡ. ಗಾರೆ ಕೆಲಸದವರು ಮಟ್ಟ ಹಿಡಿಯುವ ಪಾರದರ್ಶಕ ಪೈಪನ್ನು ಒಂದು ಹಲಗೆಗೆ ಇಂಗ್ಲಿಷಿನ ಯು ಅಕ್ಷರದಂತೆ ಬಿಗಿದು, ಅರ್ಧ ನೀರು ತುಂಬಿ, ಪಕ್ಕದಲ್ಲಿ ಸ್ಕೇಲ್ ಅಂಟಿಸಿ. ಹಳೆಯ ಆಯಿಲ್ ಕ್ಯಾಪಿಗೆ ತೂತು ಕೊರೆದು ನಿಪ್ಪಲ್ ಕೂರಿಸಿ, ಪೈಪಿನ ಒಂದು ತುದಿ ಅದಕ್ಕೆ ಸೇರಿಸಿ. ಎರಡು ಕಡೆಯ ನೀರಿನ ವ್ಯತ್ಯಾಸ 100 ಮಿ.ಮೀ. ಇದ್ದರೆ ಒತ್ತಡ ಸುಮಾರು 0.01 ಬಾರ್. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸ್ಲೋದಲ್ಲೂ ಪೂರ್ತಿ ರೇಸಿನಲ್ಲೂ ಅಳೆದು ಬರೆದಿಡಿ. ನಂತರ ಬ್ರೀದರ್ ಹೋಸ್ ಕಳಚಿ ಮತ್ತೆ ಅಳೆಯಿರಿ. ಕಳಚಿದಾಗ ನೀರು ದಪ್ಪನೆ ಇಳಿದರೆ ದೋಷ ಹೋಸಿನದು. ಇಳಿಯದಿದ್ದರೆ ಒಳಗೆ ಗಾಳಿ ನಿಜಕ್ಕೂ ಜಾಸ್ತಿ ಇದೆ, ಅಥವಾ ಜಾಲರಿ ಇನ್ನೂ ಕಟ್ಟಿಕೊಂಡಿದೆ.

ಜಾಸ್ತಿ ಗಾಳಿ ಎಂದಕೂಡಲೇ ರಿಂಗಿನ ಮೇಲೆ ಹಾಕುತ್ತಾರೆ. ಗಾಳಿ ಬರುವ ದಾರಿ ಇನ್ನೂ ಎರಡಿವೆ. ಏರ್ ಬ್ರೇಕಿನ ಕಂಪ್ರೆಸರ್ ಎಂಜಿನ್ ಆಯಿಲನ್ನೇ ಕುಡಿದು ಎಂಜಿನ್ನಿಗೇ ವಾಪಸ್ ಬಿಡುತ್ತದೆ, ಅದರ ರಿಂಗ್ ಸವೆದರೆ ಒತ್ತಿದ ಗಾಳಿ ಅದೇ ದಾರಿಯಲ್ಲಿ ಒಳಗೆ ಇಳಿಯುತ್ತದೆ. ಚಕ್ರಕ್ಕೆ ಅಡ್ಡಗಲ್ಲು ಕೊಟ್ಟು, ಬ್ರೇಕ್ ಒತ್ತಿ ಒತ್ತಿ ಟ್ಯಾಂಕಿನ ಗಾಳಿ ಇಳಿಸಿ. ಎಂಜಿನ್ನನ್ನು ಒಂದೇ ರೇಸಿನಲ್ಲಿ ಇಟ್ಟು ಹಲಗೆಯ ನೀರನ್ನೇ ನೋಡುತ್ತಿರಿ. ಟ್ಯಾಂಕಿಗೆ ಗಾಳಿ ತುಂಬಿ, ಕಂಪ್ರೆಸರಿನ ಹೊರೆ ಇಳಿಸುವ ಅನ್‌ಲೋಡರ್ ವಾಲ್ವ್ "ಟುಸ್" ಎಂದ ಕ್ಷಣ ನೀರು ಇಳಿದರೆ ಕಳ್ಳ ಕಂಪ್ರೆಸರೇ. ಟ್ಯಾಂಕಿನ ಡ್ರೈನ್ ತೆಗೆದಾಗ ನೀರಿನ ಜೊತೆ ಆಯಿಲೂ ಬಂದರೆ ಸಾಕ್ಷಿ ಗಟ್ಟಿಯಾಯಿತು. ಎಂಜಿನ್ ಕೆಲಸದ ಖರ್ಚಿನ ಮುಂದೆ ಕಂಪ್ರೆಸರ್ ಕಿಟ್ ಏನೂ ಅಲ್ಲ, ಆದ್ದರಿಂದಲೇ ಈ ಪರೀಕ್ಷೆ ಬಿಡಬೇಡಿ.

ಇನ್ನೊಂದು ದಾರಿ ಟರ್ಬೊ. ಅದರ ಒಳ ಸೀಲ್ ಸವೆದರೆ ಗಾಳಿಯೂ ಹೊಗೆಯೂ ಆಯಿಲ್ ಡ್ರೈನ್ ಪೈಪಿನಿಂದ ಎಂಜಿನ್ನಿನ ಆಯಿಲ್ ಚೇಂಬರಿಗೆ ನುಗ್ಗುತ್ತವೆ. ಡ್ರೈನ್ ಪೈಪನ್ನು ಬ್ಲಾಕಿನಿಂದ ಬಿಡಿಸಿ ಬಕೆಟ್ಟಿಗೆ ಇಳಿಬಿಟ್ಟು, ಬ್ಲಾಕಿನ ತೂತು ಮುಚ್ಚಿ, ಅರ್ಧ ನಿಮಿಷ ಮಾತ್ರ ಎತ್ತಿದ ರೇಸಿನಲ್ಲಿ ಅಳೆಯಬೇಕು. ಹಲಗೆಯ ನೀರು ಮೊದಲಿಗಿಂತ ಇಳಿದರೆ ದೋಷ ಟರ್ಬೊದ್ದು. ಆಯಿಲ್ ಬಿಸಿಯಿರುತ್ತದೆ, ಬೇಗ ತುಂಬುತ್ತದೆ, ಇದನ್ನು ಇಬ್ಬರು ಸೇರಿ ಮಾಡಿ. ಆಯಿಲ್ ಮಟ್ಟ ಸರಿಮಾಡದೆ ಲಾರಿ ಓಡಿಸಬೇಡಿ.

ಇವೆರಡೂ ಸರಿಯಿದ್ದರೆ ಆಗ ರಿಂಗಿನ ಸರದಿ. ಒಂದೊಂದೇ ಸಿಲಿಂಡರಿನ ಪಿಸ್ಟನ್ನನ್ನು ಕಂಪ್ರೆಶನ್ನಿನ ಕೊನೆಯಲ್ಲಿ ಮೇಲಕ್ಕೆ ತಂದು, ಎಂಜಿನ್ ತಿರುಗದಂತೆ ಹಿಡಿದು, ಇಂಜೆಕ್ಟರ್ ಜಾಗದಿಂದ ಗಾಳಿ ಬಿಡಿ. ಆಯಿಲ್ ಕ್ಯಾಪಿನಲ್ಲಿ ಸದ್ದು ಬಂದರೆ ರಿಂಗ್, ಸೈಲೆನ್ಸರಿನಲ್ಲಿ ಬಂದರೆ ಎಗ್ಸಾಸ್ಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. 6ಬಿಟಿಯ ಸಿಲಿಂಡರಿನೊಳಗೆ ಕೂರಿಸುವ ಬೇರೆ ಕೊಳವೆ, ಅಂದರೆ ಲೈನರ್, ಇಲ್ಲ, ಬ್ಲಾಕಿನಲ್ಲೇ 102 ಮಿ.ಮೀ. ಬೋರ್. ಬೋರ್ ಸವೆದಿದ್ದರೆ ಬರೀ ರಿಂಗ್ ಬದಲಿಸಿ ಪ್ರಯೋಜನವಿಲ್ಲ, ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕಾಗುತ್ತದೆ. ಏರ್ ಫಿಲ್ಟರಿನಿಂದ ಟರ್ಬೊವರೆಗಿನ ಹೋಸ್ ಸೀಳಿದೆಯೇ ಅಂತಲೂ ನೋಡಿ. ಕ್ವಾರಿ, ಎಂ-ಸ್ಯಾಂಡ್ ಲೈನಿನಲ್ಲಿ ಓಡುವ ಲಾರಿಯ ರಿಂಗನ್ನು ತಿನ್ನುವುದು ಅಲ್ಲಿಂದ ನುಗ್ಗುವ ಧೂಳು. ಅದನ್ನು ಮುಚ್ಚದೆ ಹೊಸ ರಿಂಗ್ ಹಾಕಿದರೆ ಅದೂ ಹಾಗೇ ಸವೆಯುತ್ತದೆ.

ಎಲ್ಲ ಸರಿಯಿದ್ದೂ ಸ್ವಲ್ಪ ತೊಟ್ಟಿಕ್ಕಿದರೆ ಬ್ರೀದರ್ ಪೈಪಿಗೆ ಆಯಿಲ್ ಹಿಡಿಯುವ ಡಬ್ಬಿ ಕಟ್ಟಿಸಿ. 2 ಲೀಟರಿನ ಲೋಹದ ಡಬ್ಬಿ, ಒಳಗೆ ಕದಲದಂತೆ ಬಿಗಿದ ಸ್ಟೀಲ್ ಜಾಲರಿ, ಮೇಲೆ ಗಾಳಿ ಹೊರಹೋಗಲು ಒಳಬರುವ ಪೈಪಿನಷ್ಟೇ ಅಗಲದ ಬಾಯಿ, ತಳದಲ್ಲಿ ಡ್ರೈನ್ ಕಾಕ್. ಪೈಪಿನ ಒಳ ಅಳತೆ ಮೂಲದ್ದಕ್ಕಿಂತ ಕಿರಿದಾಗಬಾರದು, ಎಲ್ಲೂ ಜೋತು ಬೀಳಬಾರದು. ರೇಡಿಯೇಟರ್ ಹೋಸ್ ತುಂಡು ಬೇಡ, ಆಯಿಲ್ ತಾಗಿ ಊದಿಕೊಂಡು ಒಳಗೇ ಮುಚ್ಚಿಹೋಗುತ್ತದೆ. ಆಯಿಲ್ ತಡೆಯುವ ನೈಟ್ರೈಲ್ ಹೋಸೇ ಹಾಕಿ. ಡಬ್ಬಿ ಸೈಲೆನ್ಸರಿನಿಂದ ದೂರ ಇರಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಖಾಲಿ ಮಾಡಿ. ಅದರಲ್ಲಿ ನೀರೂ ಆಮ್ಲವೂ ಸೇರಿರುತ್ತವೆ, ವಾಪಸ್ ಎಂಜಿನ್ನಿಗೆ ಸುರಿಯಬೇಡಿ.

ಏಪ್ರಿಲ್ 2020ರ ನಂತರದ, ಬಿಎಸ್6 ಹೊಗೆ ನಿಯಮದ ಲಾರಿ ಇರುವವರು ಈ ಡಬ್ಬಿಯ ಮಾತು ತಮಗಲ್ಲ ಅಂತ ತಿಳಿಯಿರಿ. ಹೊರಗೆ ಬಿಡದೆ ಗಾಳಿ ದಾರಿಗೇ ಸೇರಿಸಿದ ಮುಚ್ಚಿದ ಬ್ರೀದರ್ ಇದ್ದರೆ ಅದನ್ನು ಕತ್ತರಿಸಿ ಹೊರಗೆ ಬಿಡಬೇಡಿ, ಅದಕ್ಕೆ ಫಿಲ್ಟರ್ ಇದ್ದರೆ ಹೇಳಿದ ಕಿಲೋಮೀಟರಿಗೆ ಬದಲಿಸಿ.